ನಮ್ಮ ಡೊಮೇನ್ ಹೆಸರಲ್ಲಿ ಬೇರೆ ಯಾರೋ ಮೇಲ್ ಕಳಿಸುತ್ತಿದ್ದರೆ ಎಲ್ಲಿಂದ ಹುಡುಕಬೇಕು

ಜನವರಿ ತಿಂಗಳು. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ಹೊಸ ತೊಗರಿ ಬರುವ ಹೊತ್ತು. ದಾಲ್ ಮಿಲ್ ನಡೆಸುವ ಸಾವುಕಾರರೊಬ್ಬರು ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದರು. ಹಿಂದಿನ ದಿನ ಸೊಲ್ಲಾಪುರದ ಅವರ ಹಳೆಯ ಗಿರಾಕಿಗೆ ಒಂದು ಮೇಲ್ ಹೋಗಿತ್ತು. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿ ಹಣ ಈ ಹೊಸ ಖಾತೆಗೆ ಹಾಕಿ’ ಅಂತ. ಕಳಿಸಿದವರ ಜಾಗದಲ್ಲಿ ಮಿಲ್ಲಿನದೇ ವಿಳಾಸ. ಕೆಳಗೆ ಮಿಲ್ಲಿನದೇ ಹೆಸರು, ಲೋಗೊ. ಪುಣ್ಯಕ್ಕೆ ಗಿರಾಕಿ ಹಣ ಹಾಕುವ ಮೊದಲು ಫೋನ್ ಮಾಡಿ ಕೇಳಿದರು. ದುಡ್ಡು ಉಳಿಯಿತು.

ನಾನು ಹೋಗಿ ಕೂತಾಗ ಅಲ್ಲಿ ಇನ್ನೊಂದು ಸಂಕಟ ಶುರುವಾಗಿತ್ತು. ಗಿರಾಕಿಯ ಕಡೆ ಕಂಪ್ಯೂಟರ್ ನೋಡಿಕೊಳ್ಳುವವರು ಆ ಮೇಲ್ ತೆರೆದು, ‘ಎಸ್‌ಪಿಎಫ್ ಪಾಸ್ ಅಂತ ಇದೆ, ಅಂದ್ರೆ ನಿಮ್ಮ ಕಡೆಯಿಂದಲೇ ಹೋಗಿದೆ’ ಎಂದುಬಿಟ್ಟಿದ್ದರು. ಎಸ್‌ಪಿಎಫ್ ಅಂದರೆ ಒಂದು ಡೊಮೇನ್ (ಮೇಲ್ ವಿಳಾಸದಲ್ಲಿ @ ನಂತರ ಬರುವ ಹೆಸರು) ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂಬ ಪಟ್ಟಿ. ಮಿಲ್ಲಿನಲ್ಲಿ ಮೇಲ್ ನೋಡುವವನು ಲೆಕ್ಕ ಬರೆಯುವ ಹುಡುಗ ಒಬ್ಬನೇ. ಎಲ್ಲರ ಕಣ್ಣೂ ಅವನ ಮೇಲೆ.

‘ಪಾಸ್‌ವರ್ಡ್ ಇವನ ಕಡೇನೇ ಅದ. ಮತ್ಯಾರು ಕಳಸ್ತಾರ?’ ಎಂದರು ಸಾವುಕಾರರು.

‘ನಾ ಕಳಿಸಿಲ್ರಿ ಅಣ್ಣಾರ. ಸೆಂಟ್‌ನಾಗ ನೋಡ್ರಿ, ಏನೂ ಇಲ್ಲ’ ಎಂದ ಹುಡುಗ, ನನ್ನ ಕಡೆ ತಿರುಗಿ. ಕಣ್ಣು ತುಂಬಿತ್ತು.

‘ಪಾಸ್’ ಅನ್ನುವ ಒಂದು ಪದವನ್ನು ತಪ್ಪಾಗಿ ಓದಿದ್ದಕ್ಕೆ ಒಬ್ಬನ ಕೆಲಸ ಹೋಗುವುದರಲ್ಲಿತ್ತು. ಅದಕ್ಕೇ ಅವತ್ತು ಹುಡುಕಿದ ದಾರಿಯನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ರೆಕಾರ್ಡ್ ಮತ್ತು ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು. ಎಕ್ಸಾಂಪಲ್.ಕಾಂ ಎಂಬುದು ಉದಾಹರಣೆಗೆಂದೇ ತೆಗೆದಿಟ್ಟ ಹೆಸರು. ಆ ಜಾಗದಲ್ಲಿ ನಿಮ್ಮ ಡೊಮೇನ್ ಹಾಕಿಕೊಳ್ಳಿ. 203.0.113.25 ಎಂಬ ಐಪಿ ಕೂಡ ಹಾಗೇ.

ಮೊದಲು ಹೆಡರ್ ನೋಡಿ

ಬಹಳ ಜನ ನೇರವಾಗಿ ಡಿಎನ್‌ಎಸ್ (ಡೊಮೇನಿನ ವಿವರಗಳನ್ನು ಹೊರಗಿನವರಿಗೆ ತಿಳಿಸುವ ಪಟ್ಟಿ) ಪ್ಯಾನೆಲ್‌ಗೆ ಹೋಗಿ ರೆಕಾರ್ಡ್ ತಿದ್ದಲು ಕೂರುತ್ತಾರೆ. ಬೇಡ. ಮೊದಲು ಆ ಕಳ್ಳ ಮೇಲ್ ಕೈಗೆ ಬರಬೇಕು. ಫಾರ್ವರ್ಡ್ ಮಾಡಿಸಿಕೊಂಡರೆ ಉಪಯೋಗವಿಲ್ಲ, ಹಳೆಯ ಹೆಡರ್ (ಮೇಲ್ ಎಲ್ಲಿಂದ ಹೇಗೆ ಬಂತು ಎಂಬ ವಿವರ) ಹೋಗಿ ಹೊಸದು ಬಂದಿರುತ್ತದೆ. ಸ್ಕ್ರೀನ್‌ಶಾಟ್‌ನಿಂದಲೂ ಆಗದು. ಮೇಲ್ ಬಂದಿರುವುದು ಜಿಮೇಲ್‌ಗಾದರೆ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಬಲಗಡೆ ಮೂರು ಚುಕ್ಕೆ ಒತ್ತಿ, ‘ಶೋ ಒರಿಜಿನಲ್’ ಆರಿಸಲು ಹೇಳಿ. ಅಲ್ಲೇ ಡೌನ್‌ಲೋಡ್ ಮಾಡುವ ಬಟನ್ ಇದೆ. ಆ ಫೈಲನ್ನು ಹೊಸ ಮೇಲ್‌ಗೆ ಲಗತ್ತಿಸಿ ಕಳಿಸಿದರೆ ಸಾಕು.

ಸೊಲ್ಲಾಪುರದಿಂದ ಬಂದ ಫೈಲ್ ತೆರೆದೆವು. ಮೂರು ಸಾಲು ಹುಡುಕಿದೆವು. ‘ಫ್ರಮ್’ ಎಂಬಲ್ಲಿ ಮಿಲ್ಲಿನ ವಿಳಾಸ. ‘ರಿಟರ್ನ್-ಪಾತ್’ (ತಲುಪದ ಮೇಲ್ ವಾಪಸ್ ಹೋಗುವ ವಿಳಾಸ) ಎಂಬಲ್ಲಿ ನಾವು ಯಾವತ್ತೂ ಕೇಳದ ಬೇರೆ ಡೊಮೇನ್. ಮೂರನೆಯದು ‘ಅಥೆಂಟಿಕೇಶನ್-ರಿಸಲ್ಟ್ಸ್’. ಅದರಲ್ಲಿ ಹೀಗಿತ್ತು: ಎಸ್‌ಪಿಎಫ್=ಪಾಸ್, ಡಿಕಿಮ್=ನನ್ (ಅಂದರೆ ಇಲ್ಲ), ಡಿಮಾರ್ಕ್=ಫೇಲ್.

ಎಸ್‌ಪಿಎಫ್ ಪಾಸ್ ಆದದ್ದು ನಿಜ. ಆದರೆ ಯಾರ ಡೊಮೇನಿಗೆ? ಅದೇ ಸಾಲಿನ ಮುಂದೆ ಬರೆದಿತ್ತು: ಆ ಅಪರಿಚಿತ ಡೊಮೇನಿಗೆ. ಕಳ್ಳ ತನ್ನದೇ ಡೊಮೇನ್ ಕೊಂಡು, ಅದಕ್ಕೆ ಸರಿಯಾದ ಎಸ್‌ಪಿಎಫ್ ಹಾಕಿ, ಅದರ ಮೂಲಕ ಕಳಿಸಿದ್ದ. ಓದುವವರ ಕಣ್ಣಿಗೆ ಬೀಳುವ ಫ್ರಮ್ ಸಾಲಿನಲ್ಲಿ ಮಾತ್ರ ಮಿಲ್ಲಿನ ಹೆಸರು ಬರೆದಿದ್ದ. ಎಸ್‌ಪಿಎಫ್ ನೋಡುವುದು ರಿಟರ್ನ್-ಪಾತ್ ಡೊಮೇನನ್ನು, ಫ್ರಮ್ ಸಾಲನ್ನಲ್ಲ.

ಸಾವುಕಾರರಿಗೆ ಇದನ್ನು ಗಂಜ್ ಲೆಕ್ಕದಲ್ಲೇ ಹೇಳಿದೆ. ಲಾರಿಯ ಬಿಲ್ಟಿ (ಸಾಗಣೆ ರಸೀದಿ) ಒಬ್ಬರ ಹೆಸರಲ್ಲಿದೆ. ಒಳಗಿನ ಚೀಲದ ಮೇಲೆ ನಿಮ್ಮ ಮಾರ್ಕಾ ಇದೆ. ಎಸ್‌ಪಿಎಫ್ ಬಿಲ್ಟಿ ಮಾತ್ರ ನೋಡುತ್ತದೆ. ಬಿಲ್ಟಿ ಸರಿ ಇದ್ದರೆ ಪಾಸ್. ಡಿಕಿಮ್ ಅಂದರೆ ಚೀಲದ ಬಾಯಿಗೆ ಹಾಕಿದ ಸೀಲು, ದಾರಿಯಲ್ಲಿ ಯಾರೂ ಬಿಚ್ಚಿಲ್ಲ ಅನ್ನುವುದಕ್ಕೆ. ಬಿಲ್ಟಿಯ ಹೆಸರಾಗಲಿ ಸೀಲಿನ ಹೆಸರಾಗಲಿ ಮಾರ್ಕಾದ ಜೊತೆ ಹೊಂದುತ್ತದಾ ಅಂತ ಕೇಳುವುದು ಡಿಮಾರ್ಕ್ ಒಂದೇ. ಎರಡರಲ್ಲಿ ಒಂದು ಹೊಂದಿದರೂ ಸಾಕು. ಹೊಂದದಿದ್ದರೆ ಮಾಲು ಏನು ಮಾಡಬೇಕು ಅಂತ ಡೊಮೇನಿನ ಮಾಲೀಕ ಮೊದಲೇ ಬರೆದಿಡಬಹುದು.

‘ಹಂಗಾರ ನಮ್ಮ ಹುಡುಗ ಕಳಿಸಿಲ್ಲ?’

‘ಇಲ್ರಿ. ನಿಮ್ಮ ಖಾತೆಯೊಳಗೆ ಯಾರೂ ಬಂದಿಲ್ಲ. ಹೊರಗೆ ನಿಂತು ನಿಮ್ಮ ಹೆಸರು ಹೇಳಿದ್ದಾರೆ.’

ಇಲ್ಲಿ ದಾರಿ ಮೂರಾಗುತ್ತದೆ. ಯಾವುದು ನಿಮ್ಮದು ಅಂತ ಗೊತ್ತುಮಾಡಿಕೊಳ್ಳದೆ ಮುಂದೆ ಹೋಗಬೇಡಿ. ಡಿಕಿಮ್=ಪಾಸ್ ಇದ್ದು ಅದರ ಮುಂದೆ ನಿಮ್ಮದೇ ಡೊಮೇನ್ ಇದ್ದರೆ, ಮೇಲ್ ನಿಜವಾಗಿಯೂ ನಿಮ್ಮ ವ್ಯವಸ್ಥೆಯಿಂದಲೇ ಹೋಗಿದೆ. ಖಾತೆ ಕಳ್ಳರ ಕೈಯಲ್ಲಿರುವ ಸಾಧ್ಯತೆಯೇ ಜಾಸ್ತಿ. ಆಗ ಮೊದಲು ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ, ಎರಡು ಹಂತದ ಪರಿಶೀಲನೆ ಹಾಕಿ. ಫಿಲ್ಟರ್ ಮತ್ತು ಫಾರ್ವರ್ಡಿಂಗ್ ಪುಟವನ್ನು ತಪ್ಪದೆ ನೋಡಿ, ಕಳ್ಳರು ಅಲ್ಲಿ ತಮ್ಮ ವಿಳಾಸ ಸೇರಿಸಿಟ್ಟಿರಬಹುದು. ಎರಡನೆಯದು, ಫ್ರಮ್ ಸಾಲಿನ ಡೊಮೇನೇ ಒಂದಕ್ಷರ ಬೇರೆ ಇರಬಹುದು. ಇಂಗ್ಲಿಷಿನ ಆರ್ ಮತ್ತು ಎನ್ ಸಣ್ಣಕ್ಷರ ಒಟ್ಟಿಗೆ ಬರೆದರೆ ಎಂ ಥರ ಕಾಣುತ್ತದೆ. ವಿಳಾಸವನ್ನು ಕಾಪಿ ಮಾಡಿ ದೊಡ್ಡ ಅಕ್ಷರದಲ್ಲಿ ನೋಡಿ. ಮೂರನೆಯದು ನಮ್ಮ ಮಿಲ್ಲಿನದು: ಡೊಮೇನ್ ನಿಮ್ಮದೇ, ಕಳಿಸಿದವರು ಬೇರೆ. ಮುಂದಿನದೆಲ್ಲ ಈ ಮೂರನೆಯದಕ್ಕೆ.

ಅಸಲಿ ಮೇಲ್‌ನೂ ಪರೀಕ್ಷಿಸಿ

ಕಳ್ಳ ಮೇಲ್ ನೋಡಿದ್ದಾಯಿತು. ಹುಡುಗನಿಗೆ ಮಿಲ್ಲಿನ ಖಾತೆಯಿಂದ ನನ್ನ ಜಿಮೇಲ್‌ಗೆ ಒಂದು ಮೇಲ್ ಕಳಿಸಲು ಹೇಳಿದೆ. ‘ಟೆಸ್ಟ್’ ಅಂತ ಒಂದೇ ಪದ. ಅದರ ಹೆಡರ್ ತೆರೆದಾಗ ನಿಜವಾದ ರೋಗ ಸಿಕ್ಕಿತು. ಎಸ್‌ಪಿಎಫ್=ಪರ್ಮ್‌ಎರರ್, ಅಂದರೆ ರೆಕಾರ್ಡೇ ತಪ್ಪು. ಡಿಕಿಮ್=ಪಾಸ್, ಆದರೆ ಮಿಲ್ಲಿನ ಡೊಮೇನಿಗಲ್ಲ, ಜಿಆ್ಯಪ್ಸ್‌ಎಸ್‌ಎಂಟಿಪಿ.ಕಾಂ ಅಂತ ಕೊನೆಯಾಗುವ ಗೂಗಲ್‌ನ ಡೊಮೇನಿಗೆ. ಡಿಮಾರ್ಕ್=ಫೇಲ್.

ಅಸಲಿಯೂ ಫೇಲ್, ನಕಲಿಯೂ ಫೇಲ್. ತೆಗೆದುಕೊಳ್ಳುವ ಕಡೆಯ ಸರ್ವರ್‌ಗೆ ಎರಡಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ‘ಬಿಲ್ ಸ್ಪ್ಯಾಮ್‌ಗೆ ಹೋಗಿದೆ, ಇನ್ನೊಮ್ಮೆ ಕಳಿಸಿ’ ಅಂತ ಗಿರಾಕಿಗಳು ಒಂದು ವರ್ಷದಿಂದ ಹೇಳುತ್ತಿದ್ದರಂತೆ. ಅದಕ್ಕೂ ಇದೇ ಕಾರಣ. ಅವತ್ತೇ ಸಿಟ್ಟಿನಲ್ಲಿ ‘ಹೊಂದದ್ದನ್ನೆಲ್ಲ ತಿರಸ್ಕರಿಸು’ ಅಂತ ಬರೆದಿದ್ದರೆ ಮಿಲ್ಲಿನ ಸ್ವಂತ ಬಿಲ್ಲುಗಳೇ ವಾಪಸ್ ಬರುತ್ತಿದ್ದವು.

ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ 1982ರದ್ದು. ಕಳಿಸಿದವರು ಯಾರು ಅಂತ ಪರೀಕ್ಷಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಈ ಮೂರೂ ಆಮೇಲೆ ಒಂದೊಂದಾಗಿ ಬಂದವು. ಹಾಗಾಗಿ ಒಂದೊಂದನ್ನೂ ಬೇರೆ ಬೇರೆಯಾಗಿಯೇ ಸರಿಮಾಡಬೇಕು.

ಎಸ್‌ಪಿಎಫ್: ಒಂದೇ ಇರಬೇಕು

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಮೊದಲು ಡೊಮೇನಿನ ಡಿಎನ್‌ಎಸ್ ಯಾರ ಬಳಿ ಇದೆ ಅಂತ ಕೇಳಿ:

ಎನ್‌ಎಸ್‌ಲುಕಪ್ -ಟೈಪ್=ಎನ್‌ಎಸ್ ಎಕ್ಸಾಂಪಲ್.ಕಾಂ

ಇದನ್ನು ಬಿಟ್ಟರೆ ಅರ್ಧ ದಿನ ಹಾಳು. ಡೊಮೇನ್ ಕೊಂಡದ್ದು ಒಂದು ಕಡೆ, ವೆಬ್‌ಸೈಟ್ ಇನ್ನೊಂದು ಕಡೆ, ನೇಮ್‌ಸರ್ವರ್ (ಡಿಎನ್‌ಎಸ್ ಉತ್ತರ ಕೊಡುವ ಸರ್ವರ್) ಮತ್ತೊಂದು ಕಡೆ ಇರುವುದು ಸಾಮಾನ್ಯ. ನೇಮ್‌ಸರ್ವರ್ ಇಲ್ಲದ ಪ್ಯಾನೆಲ್‌ನಲ್ಲಿ ಎಷ್ಟು ರೆಕಾರ್ಡ್ ಹಾಕಿದರೂ ಹೊರಗಿನವರಿಗೆ ಕಾಣುವುದಿಲ್ಲ. ಆಮೇಲೆ ಟಿಎಕ್ಸ್‌ಟಿ ರೆಕಾರ್ಡ್ ಕೇಳಿ, ಎಸ್‌ಪಿಎಫ್ ಬರೆದಿಡುವುದು ಅದರಲ್ಲೇ:

ಎನ್‌ಎಸ್‌ಲುಕಪ್ -ಟೈಪ್=ಟಿಎಕ್ಸ್‌ಟಿ ಎಕ್ಸಾಂಪಲ್.ಕಾಂ 8.8.8.8

ಕೊನೆಯ ಸಂಖ್ಯೆ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್. ಆಫೀಸಿನ ರೂಟರ್ ಹಳೆಯ ಉತ್ತರ ಹಿಡಿದಿಟ್ಟುಕೊಂಡಿರಬಹುದು, ಅದಕ್ಕೆ ಹೊರಗೆ ಕೇಳುವುದು ಒಳ್ಳೆಯದು. ನಮಗೆ ಬಂದ ಉತ್ತರದಲ್ಲಿ ಈ ಎರಡು ಸಾಲಿದ್ದವು:

ವಿ=ಎಸ್‌ಪಿಎಫ್1 ಎ ಎಂಎಕ್ಸ್ ಐಪಿ4:203.0.113.25 ~ಆಲ್
ವಿ=ಎಸ್‌ಪಿಎಫ್1 ಇನ್‌ಕ್ಲೂಡ್:_ಎಸ್‌ಪಿಎಫ್.ಗೂಗಲ್.ಕಾಂ ~ಆಲ್

ಮೊದಲನೆಯದು ಹಳೆಯ ಹೋಸ್ಟಿಂಗ್ ಕಾಲದ್ದು. ಎರಡನೆಯದು ಮೇಲ್ ಗೂಗಲ್‌ಗೆ ಬದಲಾದಾಗ ಸೇರಿಸಿದ್ದು. ಹಳೆಯದನ್ನು ಯಾರೂ ತೆಗೆದಿರಲಿಲ್ಲ. ಒಂದು ಡೊಮೇನಿಗೆ ಎರಡು ಎಸ್‌ಪಿಎಫ್ ಇದ್ದರೆ ಎರಡೂ ಸೇರಿ ಕೆಲಸ ಮಾಡುತ್ತವೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. ಎರಡೂ ಬಿದ್ದುಹೋಗುತ್ತವೆ, ಪರ್ಮ್‌ಎರರ್ ಬರುತ್ತದೆ. ಎರಡನ್ನೂ ಸೇರಿಸಿ ಒಂದು ಮಾಡಬೇಕು.

ಸೇರಿಸುವ ಮೊದಲು ಹುಡುಗನನ್ನು ಕೇಳಿದೆ, ‘ಆ ಹಳೆಯ ಸರ್ವರ್‌ನಿಂದ ಈಗಲೂ ಏನಾದರೂ ಮೇಲ್ ಹೋಗುತ್ತದಾ?’ ಅವನು ಸ್ವಲ್ಪ ಯೋಚಿಸಿ, ‘ವೆಬ್‌ಸೈಟ್‌ದಾಗ ರೇಟ್ ಕೇಳೋ ಫಾರ್ಮ್ ಅದರಿ. ಅದು ಅಲ್ಲಿಂದನೇ ಬರ್ತದ’ ಎಂದ. ಹಾಗಾಗಿ ಐಪಿಯನ್ನು ಉಳಿಸಿಕೊಂಡೆವು:

ವಿ=ಎಸ್‌ಪಿಎಫ್1 ಇನ್‌ಕ್ಲೂಡ್:_ಎಸ್‌ಪಿಎಫ್.ಗೂಗಲ್.ಕಾಂ ಐಪಿ4:203.0.113.25 ~ಆಲ್

‘ಎ’, ‘ಎಂಎಕ್ಸ್’ ಎರಡನ್ನೂ ತೆಗೆದೆವು, ಬೇಕಿರಲಿಲ್ಲ. ಇದಕ್ಕೊಂದು ಕಾರಣವಿದೆ. ಒಂದು ಎಸ್‌ಪಿಎಫ್ ಪರೀಕ್ಷೆಯಲ್ಲಿ 10 ಡಿಎನ್‌ಎಸ್ ವಿಚಾರಣೆಗಿಂತ ಜಾಸ್ತಿ ಆಗುವಂತಿಲ್ಲ. ಇನ್‌ಕ್ಲೂಡ್, ಎ, ಎಂಎಕ್ಸ್, ಪಿಟಿಆರ್, ಎಕ್ಸಿಸ್ಟ್ಸ್, ರೀಡೈರೆಕ್ಟ್ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಇನ್‌ಕ್ಲೂಡ್ ಒಳಗಿನ ಇನ್‌ಕ್ಲೂಡ್ ಕೂಡ ಬರುತ್ತದೆ. ಐಪಿ4, ಐಪಿ6, ಆಲ್ ಬರುವುದಿಲ್ಲ. 11ನೆಯದು ಬಂದರೆ ಮತ್ತೆ ಪರ್ಮ್‌ಎರರ್. ಹೊಸ ಸಾಫ್ಟ್‌ವೇರ್ ಬಂದಾಗಲೆಲ್ಲ ಒಂದೊಂದು ಇನ್‌ಕ್ಲೂಡ್ ಸೇರಿಸುತ್ತ ಹೋಗುವ ಕಚೇರಿಗಳಲ್ಲಿ ಇದು ಒಂದು ದಿನ ದಿಢೀರನೆ ಕಾಣಿಸಿಕೊಳ್ಳುತ್ತದೆ.

ಕೊನೆಯ ಚಿಹ್ನೆ ನೋಡಿ. +ಆಲ್ ಅಂತ ಇದ್ದರೆ ಲೋಕದ ಯಾರು ಬೇಕಾದರೂ ಕಳಿಸಬಹುದು ಅಂತ ನೀವೇ ಒಪ್ಪಿಗೆ ಕೊಟ್ಟ ಹಾಗೆ. ಕೂಡಲೇ ತೆಗೆಯಿರಿ. -ಆಲ್ (ಪಟ್ಟಿಯಲ್ಲಿಲ್ಲದವರು ಫೇಲ್) ಹಾಕಬೇಕೋ ~ಆಲ್ (ಪಟ್ಟಿಯಲ್ಲಿಲ್ಲದವರ ಮೇಲೆ ಅನುಮಾನ ಮಾತ್ರ) ಹಾಕಬೇಕೋ ಎಂಬ ಪ್ರಶ್ನೆ ಬಹಳ ಸಲ ಬರುತ್ತದೆ. ಮೇಲ್ ಕಳಿಸುವ ಡೊಮೇನಿಗೆ ನಾನು ~ಆಲ್ ಹಾಕುತ್ತೇನೆ. ಕೆಲವು ಸರ್ವರ್‌ಗಳು -ಆಲ್ ಕಂಡ ತಕ್ಷಣ, ಡಿಕಿಮ್ ನೋಡುವ ಮೊದಲೇ, ಫಾರ್ವರ್ಡ್ ಆಗಿ ಬಂದ ಅಸಲಿ ಮೇಲ್‌ನೂ ತಳ್ಳಿಬಿಡುತ್ತವೆ. ತಳ್ಳುವ ತೀರ್ಮಾನ ಡಿಮಾರ್ಕ್‌ನದಾಗಿರಲಿ.

ಇನ್ನೊಂದು ಸಣ್ಣ ತೊಂದರೆ, ಆದರೆ ಕಾಡುತ್ತದೆ. ರೆಕಾರ್ಡನ್ನು ವರ್ಡ್ ಫೈಲಿನಿಂದ ಕಾಪಿ ಮಾಡಿದರೆ ಸಣ್ಣ ಗೆರೆ ಉದ್ದ ಗೆರೆಯಾಗಿರುತ್ತದೆ, ನೇರ ಉದ್ಧರಣ ಚಿಹ್ನೆ ಬಾಗಿರುತ್ತದೆ. ಕಣ್ಣಿಗೆ ಸರಿ ಕಾಣುತ್ತದೆ, ಸರ್ವರ್‌ಗೆ ಓದಲಾಗುವುದಿಲ್ಲ. ನೋಟ್‌ಪ್ಯಾಡ್‌ನಲ್ಲಿ ಕೈಯಾರೆ ಟೈಪ್ ಮಾಡಿ.

ಡಿಕಿಮ್: ಕೀ ಇದ್ದರೆ ಸಾಲದು, ಶುರು ಮಾಡಿರಬೇಕು

ಡಿಕಿಮ್ ಸಹಿಯನ್ನು ಪರೀಕ್ಷಿಸುವ ಕೀ ಡಿಎನ್‌ಎಸ್‌ನಲ್ಲಿ ಇರುತ್ತದೆ. ಆ ರೆಕಾರ್ಡ್ ಹುಡುಕಲು ಸೆಲೆಕ್ಟರ್, ಅಂದರೆ ಆ ಕೀಗೆ ಇಟ್ಟ ಹೆಸರು, ಗೊತ್ತಿರಬೇಕು. ನಿಮ್ಮ ಅಸಲಿ ಮೇಲ್‌ನ ಹೆಡರ್‌ನಲ್ಲಿ ಡಿಕಿಮ್-ಸಿಗ್ನೇಚರ್ ಸಾಲಿದೆ. ಅದರಲ್ಲಿ ಎಸ್= ಮುಂದೆ ಇರುವುದು ಸೆಲೆಕ್ಟರ್, ಡಿ= ಮುಂದೆ ಇರುವುದು ಸಹಿ ಹಾಕಿದ ಡೊಮೇನ್. ಗೂಗಲ್‌ನಲ್ಲಿ ನೀವು ಬದಲಿಸದಿದ್ದರೆ ಸೆಲೆಕ್ಟರ್ ‘ಗೂಗಲ್’ ಅಂತಲೇ ಇರುತ್ತದೆ. ಹಾಗಾಗಿ ಕೇಳಬೇಕಾದ ಹೆಸರು ಗೂಗಲ್._ಡೊಮೇನ್‌ಕೀ.ಎಕ್ಸಾಂಪಲ್.ಕಾಂ.

ಮಿಲ್ಲಿನ ಡಿಎನ್‌ಎಸ್‌ನಲ್ಲಿ ಈ ರೆಕಾರ್ಡ್ ಇತ್ತು! ಯಾರೋ ಹಾಕಿದ್ದರು. ಆದರೆ ಗೂಗಲ್ ಅಡ್ಮಿನ್ ಪುಟದಲ್ಲಿ ‘ಸ್ಟಾರ್ಟ್ ಅಥೆಂಟಿಕೇಶನ್’ ಬಟನ್ ಒತ್ತಿರಲಿಲ್ಲ. ಅದನ್ನು ಒತ್ತುವವರೆಗೆ ಗೂಗಲ್ ನಿಮ್ಮ ಡೊಮೇನ್ ಹೆಸರಲ್ಲಿ ಸಹಿ ಹಾಕುವುದಿಲ್ಲ, ತನ್ನ ಡೊಮೇನ್ ಹೆಸರಲ್ಲೇ ಹಾಕುತ್ತದೆ. ಜಿಆ್ಯಪ್ಸ್‌ಎಸ್‌ಎಂಟಿಪಿ ಹೆಸರು ಕಂಡದ್ದು ಅದಕ್ಕೇ.

ಒತ್ತಿದೆವು. ಆದರೂ ಶುರುವಾಗಲಿಲ್ಲ. ಕೀಯ ಕೊನೆ ನೋಡಿದೆ. ಸಾಮಾನ್ಯವಾಗಿ ಬಳಸುವ ಆರ್‌ಎಸ್‌ಎ ಸಾರ್ವಜನಿಕ ಕೀ ಐಡಿಎಕ್ಯೂಎಬಿ ಎಂಬ ಆರು ದೊಡ್ಡಕ್ಷರದಲ್ಲಿ ಮುಗಿಯುತ್ತದೆ. ಇಲ್ಲಿ ನಡುವೆಯೇ ತುಂಡಾಗಿತ್ತು. ಟಿಎಕ್ಸ್‌ಟಿ ರೆಕಾರ್ಡಿನ ಒಂದು ತುಂಡಿನಲ್ಲಿ 255 ಅಕ್ಷರ ಮಾತ್ರ ಹಿಡಿಯುತ್ತದೆ. 2048 ಬಿಟ್ ಕೀ ಅದಕ್ಕಿಂತ ಉದ್ದ. ಒಳ್ಳೆಯ ಪ್ಯಾನೆಲ್ ತಾನೇ ಎರಡು ತುಂಡು ಮಾಡಿಕೊಳ್ಳುತ್ತದೆ, ಇದು ಸುಮ್ನೆ ಉಳಿದದ್ದನ್ನು ಕತ್ತರಿಸಿ ಬಿಸಾಡಿತ್ತು. ನಾವು ಕೀಯನ್ನು ಎರಡು ಉದ್ಧರಣ ಚಿಹ್ನೆಗಳ ಜೋಡಿಯಲ್ಲಿ ಒಡೆದು, ಒಂದೇ ರೆಕಾರ್ಡಿನಲ್ಲಿ ಹಾಕಿದೆವು. ಸ್ವಲ್ಪ ಹೊತ್ತಿನ ಮೇಲೆ ಬಟನ್ ಒತ್ತಿದಾಗ ಹಿಡಿಯಿತು. 1024 ಬಿಟ್ ಕೀ ಹಾಕಿದ್ದರೆ ಈ ಗೋಜೇ ಇರಲಿಲ್ಲ ಅನ್ನುವವರಿದ್ದಾರೆ. ಪ್ಯಾನೆಲ್‌ನಲ್ಲಿ ಹಾಕಲು ಸಾಧ್ಯವಿದ್ದರೆ 2048 ಬಿಡಬೇಡಿ.

ಸಹಿ ಇದ್ದೂ ಫೇಲ್ ಆಗಿ, ಬಾಡಿ ಹ್ಯಾಶ್ (ಮೇಲ್‌ನ ಒಳಗಿನ ಮಾತಿನಿಂದ ಲೆಕ್ಕ ಹಾಕಿದ ಗುರುತು) ಹೊಂದಲಿಲ್ಲ ಅಂತ ಬಂದರೆ ಕೀಯಲ್ಲಿ ಹುಡುಕಬೇಡಿ. ಸಹಿ ಹಾಕಿದ ಮೇಲೆ ಯಾವುದೋ ಆ್ಯಂಟಿವೈರಸ್ ಅಥವಾ ಗೇಟ್‌ವೇ ಮೇಲ್‌ನ ಕೆಳಗೆ ತನ್ನ ಒಂದು ಸಾಲು ಸೇರಿಸಿರುತ್ತದೆ.

ಡಿಮಾರ್ಕ್: ಯಾರೂ ಓದದ ವರದಿ

_ಡಿಮಾರ್ಕ್.ಎಕ್ಸಾಂಪಲ್.ಕಾಂ ಎಂಬ ಹೆಸರಿನ ಟಿಎಕ್ಸ್‌ಟಿ ಕೇಳಿದಾಗ ಮಿಲ್ಲಿನದು ಹೀಗಿತ್ತು:

ವಿ=ಡಿಮಾರ್ಕ್1; ಪಿ=ನನ್; ಆರ್‌ಯುಎ=ಮೇಲ್‌ಟು: ಮುಂದೆ ಒಂದು ವಿಳಾಸ

ಪಿ=ನನ್ ಅಂದರೆ ಹೊಂದದಿದ್ದರೂ ಏನೂ ಮಾಡಬೇಡ, ವರದಿ ಮಾತ್ರ ಕಳಿಸು ಅಂತ. ಸೊಲ್ಲಾಪುರದ ಸರ್ವರ್ ಆ ಮೇಲನ್ನು ನೇರ ಇನ್‌ಬಾಕ್ಸ್‌ಗೆ ಬಿಟ್ಟದ್ದು ನಮ್ಮದೇ ಅಪ್ಪಣೆಯ ಪ್ರಕಾರ. ಇನ್ನು ವರದಿ ಹೋಗುತ್ತಿದ್ದ ವಿಳಾಸ ಯಾರದು? ಮಿಲ್ ಬಿಟ್ಟು ಎರಡು ವರ್ಷವಾದ ಒಬ್ಬ ನೌಕರನದು. ಆ ಡಬ್ಬಿ ತೆರೆಸಿದೆವು. ದಿನಕ್ಕೆ ಒಂದೆರಡರಂತೆ ಜಿಪ್ ಫೈಲುಗಳು ಬಂದು ಬಿದ್ದಿದ್ದವು, ಒಂದನ್ನೂ ಯಾರೂ ತೆರೆದಿರಲಿಲ್ಲ. ಜನವರಿಯ ಮೇಲ್‌ಗೂ ಮೂರು ವಾರ ಮೊದಲೇ ಅದೇ ಅಪರಿಚಿತ ಐಪಿ ಅಲ್ಲಿ ಕಾಣಿಸಿಕೊಂಡಿತ್ತು. ನೋಡಿ ಹೊಟ್ಟೆ ಉರಿಯಿತು.

ವರದಿ ಎಕ್ಸ್‌ಎಂಎಲ್ ಫೈಲಿನಲ್ಲಿ ಬರುತ್ತದೆ. ಮೇಲ್‌ನ ಒಳಗಿನ ಮಾತು ಅದರಲ್ಲಿ ಇರುವುದಿಲ್ಲ. ಯಾವ ಐಪಿಯಿಂದ ಎಷ್ಟು ಮೇಲ್, ಎಸ್‌ಪಿಎಫ್ ಏನು, ಡಿಕಿಮ್ ಏನು, ಕೊನೆಗೆ ಏನು ಮಾಡಿದೆವು, ಇಷ್ಟೇ. ಹುಡುಗ ಅದನ್ನು ಎಕ್ಸೆಲ್‌ನಲ್ಲಿ ತೆರೆದು, ಲೆಕ್ಕದ ಪುಸ್ತಕ ಬರೆಯುವ ಹಾಗೆ ಐಪಿಗಳ ಪಟ್ಟಿ ಮಾಡಿದ. ಇದು ಅವನಿಗೆ ಚೆನ್ನಾಗಿ ಬರುವ ಕೆಲಸ. ಗೂಗಲ್‌ನದು ಗುರುತು ಸಿಕ್ಕಿತು. ವೆಬ್‌ಸೈಟಿನದು ಸಿಕ್ಕಿತು. ಕಳ್ಳನದೂ ಸಿಕ್ಕಿತು. ಇನ್ನೊಂದು ಗುಂಪು ಉಳಿಯಿತು, ತಿಂಗಳ ಕೊನೆಗೆ ಮಾತ್ರ ಬರುವಂಥದ್ದು. ಅದು ಬಿಲ್ಲಿಂಗ್ ಸಾಫ್ಟ್‌ವೇರ್! ಬಾಕಿ ಪಟ್ಟಿಯನ್ನು ಅದು ತನ್ನದೇ ಮೇಲ್ ಸೇವೆಯಿಂದ ಮಿಲ್ಲಿನ ಹೆಸರಲ್ಲಿ ಕಳಿಸುತ್ತಿತ್ತು. ಎಸ್‌ಪಿಎಫ್ ಪಾಸ್, ಡಿಕಿಮ್ ಪಾಸ್, ಎರಡೂ ಆ ಸೇವೆಯ ಡೊಮೇನಿಗೆ. ಡಿಮಾರ್ಕ್ ಫೇಲ್. ಹೆಡರ್‌ನಲ್ಲಿ ಅದು ಕಳ್ಳ ಮೇಲ್‌ಗಿಂತ ಅಷ್ಟೇನೂ ಬೇರೆಯಾಗಿ ಕಾಣುತ್ತಿರಲಿಲ್ಲ.

ಇಂಥದ್ದಕ್ಕೆ ಎಸ್‌ಪಿಎಫ್‌ನಲ್ಲಿ ಇನ್‌ಕ್ಲೂಡ್ ಸೇರಿಸುವುದು ಬಹಳ ಸಲ ಉಪಯೋಗಕ್ಕೆ ಬರದು, ಯಾಕೆಂದರೆ ರಿಟರ್ನ್-ಪಾತ್ ಅವರದೇ ಇರುತ್ತದೆ. ಆ ಸೇವೆಯ ಸೆಟ್ಟಿಂಗ್‌ನಲ್ಲಿ ‘ನಿಮ್ಮ ಡೊಮೇನ್ ಸೇರಿಸಿ’ ಎಂಬ ಪುಟ ಹುಡುಕಿ. ಎರಡು ಮೂರು ಸಿನೇಮ್ ರೆಕಾರ್ಡ್ (ಒಂದು ಹೆಸರನ್ನು ಇನ್ನೊಂದು ಹೆಸರಿಗೆ ಜೋಡಿಸುವುದು) ಕೊಡುತ್ತಾರೆ. ಅವನ್ನು ಡಿಎನ್‌ಎಸ್‌ಗೆ ಹಾಕಿದರೆ ಡಿಕಿಮ್ ಸಹಿ ನಿಮ್ಮ ಡೊಮೇನಿನದಾಗುತ್ತದೆ, ಮಾರ್ಕಾ ಹೊಂದುತ್ತದೆ. ಸಬ್‌ಡೊಮೇನಿನಿಂದ ಸಹಿ ಹಾಕಿದರೂ ನಡೆಯುತ್ತದೆ, ನೀವು ಕಟ್ಟುನಿಟ್ಟಿನ ಹೊಂದಾಣಿಕೆ ಕೇಳಿರದಿದ್ದರೆ.

ರೆಕಾರ್ಡ್ ಹಾಕಿದರೂ ಹೊರಗೆ ಕಾಣದಿದ್ದರೆ ಹೆಸರಿನ ಕಾಲಂ ನೋಡಿ. ಬಹಳ ಪ್ಯಾನೆಲ್‌ಗಳಲ್ಲಿ _ಡಿಮಾರ್ಕ್ ಅಂತ ಮಾತ್ರ ಬರೆಯಬೇಕು. ಪೂರ್ತಿ ಹೆಸರು ಬರೆದರೆ ಪ್ಯಾನೆಲ್ ಇನ್ನೊಮ್ಮೆ ಡೊಮೇನ್ ಸೇರಿಸಿ _ಡಿಮಾರ್ಕ್.ಎಕ್ಸಾಂಪಲ್.ಕಾಂ.ಎಕ್ಸಾಂಪಲ್.ಕಾಂ ಮಾಡಿಬಿಡುತ್ತದೆ. ವರದಿಯನ್ನು ಬೇರೆ ಡೊಮೇನಿನ ವಿಳಾಸಕ್ಕೆ ತರಿಸಿಕೊಳ್ಳುವುದಾದರೆ ಆ ಡೊಮೇನಿನವರೂ ತಮ್ಮ ಡಿಎನ್‌ಎಸ್‌ನಲ್ಲಿ ಒಪ್ಪಿಗೆಯ ರೆಕಾರ್ಡ್ ಹಾಕಬೇಕು. ಇಲ್ಲದಿದ್ದರೆ ವರದಿ ಬರುವುದಿಲ್ಲ.

ನೀತಿಯನ್ನು ಹಂತ ಹಂತವಾಗಿ ಬಿಗಿಮಾಡಿ. ಪಿ=ನನ್‌ನಲ್ಲಿ ಕನಿಷ್ಠ ಒಂದು ಪೂರ್ತಿ ತಿಂಗಳು ಇರಿ, ತಿಂಗಳಿಗೊಮ್ಮೆ ಹೋಗುವ ಮೇಲ್ ಆಗಲೇ ಕಾಣುವುದು. ಎಲ್ಲ ಅಸಲಿ ಮೇಲ್ ಹೊಂದಿದ ಮೇಲೆ ಪಿ=ಕ್ವಾರಂಟೈನ್, ಅಂದರೆ ಸ್ಪ್ಯಾಮ್‌ಗೆ ಹಾಕು. ಮೂರು ವಾರ ಯಾರದೂ ದೂರು ಬರದಿದ್ದರೆ ಪಿ=ರಿಜೆಕ್ಟ್. ಆದರೆ ಪಿ=ನನ್‌ನಲ್ಲೇ ವರ್ಷಗಟ್ಟಲೆ ಕೂರಬೇಡಿ. ಜಿಮೇಲ್‌ಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಗೂಗಲ್ 2024ರ ಫೆಬ್ರವರಿಯಿಂದ ಈ ಮೂರನ್ನೂ ಕಡ್ಡಾಯ ಮಾಡಿದೆ. ಆ ನಿಯಮಕ್ಕೆ ಪಿ=ನನ್ ಕೂಡ ಸಾಕು. ಅಷ್ಟು ಮಾಡಿ ‘ನಮ್ಮದು ಆಯ್ತು’ ಅಂದುಕೊಂಡವರು ಬಹಳ. ನಿಯಮಕ್ಕೆ ಆಯಿತು, ಕಳ್ಳನಿಗೆ ಬಾಗಿಲು ತೆರೆದೇ ಇದೆ.

ಮೇಲ್ ಕಳಿಸದ ಡೊಮೇನನ್ನೂ ಮರೆಯಬೇಡಿ. ಬೀದರ್‌ನಲ್ಲಿ ಬಿದರಿ ಸಾಮಾನು ಮಾರುವ ಒಂದು ಅಂಗಡಿಗೆ ವೆಬ್‌ಸೈಟ್ ಇದೆ, ಆ ಡೊಮೇನಿನಲ್ಲಿ ಮೇಲ್ ಇಲ್ಲ. ಅಂಥದ್ದಕ್ಕೆ ಕಾಯುವುದೇ ಬೇಡ. ಅವತ್ತೇ ವಿ=ಎಸ್‌ಪಿಎಫ್1 -ಆಲ್ ಮತ್ತು ವಿ=ಡಿಮಾರ್ಕ್1; ಪಿ=ರಿಜೆಕ್ಟ್ ಹಾಕಿದೆವು. ಹತ್ತು ನಿಮಿಷದ ಕೆಲಸ.

ಇದು ತಡೆಯದ್ದು

ಒಂದಕ್ಷರ ಬೇರೆ ಇರುವ ಡೊಮೇನನ್ನು ಡಿಮಾರ್ಕ್ ತಡೆಯುವುದಿಲ್ಲ. ಯಾವುದೋ ಜಿಮೇಲ್ ವಿಳಾಸಕ್ಕೆ ಮಿಲ್ಲಿನ ಹೆಸರಿಟ್ಟು ಕಳಿಸಿದರೂ ತಡೆಯುವುದಿಲ್ಲ. ಮೊಬೈಲಿನಲ್ಲಿ ಹೆಸರು ಮಾತ್ರ ಕಾಣುತ್ತದೆ, ವಿಳಾಸ ಕಾಣುವುದಿಲ್ಲ ಅಲ್ವಾ? ಹಾಗಾಗಿ ಸಾವುಕಾರರು ಎಲ್ಲ ಗಿರಾಕಿಗಳಿಗೂ ಬಿಲ್ ಮೇಲೆ ಅಚ್ಚು ಹಾಕಿಸಿದರು: ಖಾತೆ ಬದಲಾದರೆ ನಾವೇ ಫೋನ್ ಮಾಡುತ್ತೇವೆ, ಮೇಲ್ ನಂಬಿ ಹಣ ಹಾಕಬೇಡಿ. ಯಾರಾದರೂ ಆಗಲೇ ಹಣ ಹಾಕಿಬಿಟ್ಟಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹೆಡರ್ ಓದುವುದು ಆಮೇಲೆ. ಹಣ ತಡೆಹಿಡಿಯಲು ಸಿಗುವ ಹೊತ್ತು ಬಹಳ ಕಡಿಮೆ.

ಮಿಲ್ಲಿನ ಡೊಮೇನಿಗೆ ಪಿ=ರಿಜೆಕ್ಟ್ ಹಾಕಿದ್ದು ಮಾರ್ಚ್ ಕೊನೆಗೆ. ಗಂಜ್‌ನಲ್ಲಿ ತೊಗರಿ ಲಾರಿ ಕಡಿಮೆಯಾಗಿದ್ದವು. ಮರುವಾರ ಹುಡುಗ ವರದಿಯ ಒಂದು ಸಾಲು ತೆರೆದು ಸಾವುಕಾರರ ಮುಂದೆ ಇಟ್ಟ. ಅದೇ ಹಳೆಯ ಐಪಿ, ಅದರ ಮುಂದೆ ‘ರಿಜೆಕ್ಟ್’. ಸಾವುಕಾರರು ಕನ್ನಡಕ ಏರಿಸಿ ಎರಡು ಸಲ ಓದಿದರು. ಆಮೇಲೆ ಹುಡುಗನಿಗೆ, ‘ಕೂಡು, ಚಾ ತರಸ್ತೀನಿ’ ಎಂದರು.